ಆಕಾರ, ಬಣ್ಣ, ಆಹಾರ, ವಂಶ: ಬೆಂಗಳೂರಿನ ಹೊರವಲಯದಲ್ಲಿ ಬ್ಯಾಕ್ಟೀರಿಯಾ ಚರಿತ್ರೆ

ಬ್ಯಾಕ್ಟೀರಿಯಾ ಒಂದೇ ಜೀವಕೋಶದ ಜೀವಿ. ಗಿಡ, ಪ್ರಾಣಿ, ಅಣಬೆಗಳ ಕೋಶದಲ್ಲಿರುವಂಥ ಕೋಶಕೇಂದ್ರ ಅದಕ್ಕಿಲ್ಲ. ಡಿಎನ್‌ಎ ಎಳೆ ಯಾವ ಪೊರೆಯ ಮರೆಯೂ ಇಲ್ಲದೆ ಕೋಶದ ದ್ರವದಲ್ಲೇ ಮುದುಡಿಕೊಂಡಿರುತ್ತದೆ. ಅದರ ಸುತ್ತ ಪ್ರೋಟೀನು ಕಟ್ಟುವ ಸಾವಿರಾರು ರೈಬೋಸೋಮುಗಳು, ಹೊರಗೆ ತೆಳುವಾದ ಕೋಶಪೊರೆ, ಅದಕ್ಕೂ ಹೊರಗೆ ಗಟ್ಟಿಯಾದ ಕೋಶಭಿತ್ತಿ ಇರುತ್ತವೆ. ಕೆಲವಕ್ಕೆ ಈಜಲು ಕಶಾಂಗ, ಅಂಟಿಕೊಳ್ಳಲು ಸಣ್ಣ ರೋಮ, ಮೈಮೇಲೆ ಲೋಳೆಯ ಹೊದಿಕೆಯೂ ಉಂಟು. ಮನುಷ್ಯನ ಕರುಳಿನಲ್ಲಿರುವ ಇ. ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್. ಅಂಥ 500 ಸಾಲಾಗಿ ನಿಂತರೆ ಒಂದು ಮಿಲಿಮೀಟರ್ ಆದೀತು. ಅನುಕೂಲ ಒದಗಿದರೆ ಅದು 20 ನಿಮಿಷಕ್ಕೊಮ್ಮೆ ಸೀಳಿ ಎರಡಾಗುತ್ತದೆ.

ಇಷ್ಟು ಚಿಕ್ಕದಾದ, ಇಷ್ಟು ಕಡಿಮೆ ಅಂಗಗಳಿರುವ ಜೀವಿಯಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಕಷ್ಟ. ನೂರೈವತ್ತು ವರ್ಷಗಳಲ್ಲಿ ಈ ಕೆಲಸಕ್ಕೆ ನಾಲ್ಕು ಅಳತೆಗೋಲುಗಳು ಬಂದವು: ಮೊದಲು ಆಕಾರ, ಆಮೇಲೆ ಬಣ್ಣ, ಅನಂತರ ಆಹಾರ ಮತ್ತು ಉಸಿರಾಟ, ಕೊನೆಗೆ ವಂಶ. ಬೆಂಗಳೂರಿನ ಹೊರಅಂಚಿನಲ್ಲಿರುವ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳ ಕೈಗಾರಿಕೆ ಮತ್ತು ಕೊಳಚೆಯ ಚರಿತ್ರೆಯಲ್ಲಿ ಈ ನಾಲ್ಕೂ ಗುರುತು ಬಿಟ್ಟಿವೆ. ಈ ಪ್ರದೇಶವನ್ನು ಸಾಫ್ಟ್‌ವೇರಿನ ನೆಲ, ಯಂತ್ರದ ನೆಲ ಎಂದು ಬರೆದವರು ಬಹಳ. ಇಲ್ಲಿನ ಔಷಧಿ, ಕಿಣ್ವ, ನೀರು, ನೊರೆಗಳ ಹಿಂದೆ ಇರುವ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದವರು ಕಡಿಮೆ.

ಸೂಕ್ಷ್ಮದರ್ಶಕದ ಕೆಳಗೆ ಮೊದಲು ಕಾಣುವುದು ಆಕಾರವೇ. ಜರ್ಮನಿಯ ಎಹ್ರೆನ್‌ಬರ್ಗ್ 1828ರಲ್ಲಿ ಕಡ್ಡಿಯಂಥ ಸೂಕ್ಷ್ಮಜೀವಿಗಳಿಗೆ ‘ಬ್ಯಾಕ್ಟೀರಿಯಂ’ ಎಂಬ ಹೆಸರು ಕೊಟ್ಟ. 1872ರಲ್ಲಿ ಫರ್ಡಿನಾಂಡ್ ಕೋನ್ ಅವುಗಳನ್ನು ಗುಂಡು, ಮೋಟು ಕಡ್ಡಿ, ಉದ್ದ ಎಳೆ, ಸುರುಳಿ ಎಂದು ನಾಲ್ಕು ಗುಂಪು ಮಾಡಿದ. ಇಂದಿಗೂ ವೈದ್ಯರ ಬಾಯಲ್ಲಿರುವ ಕಾಕಸ್, ಬ್ಯಾಸಿಲಸ್, ಸ್ಪೈರಿಲಂ ಎಂಬ ಮಾತುಗಳ ಮೂಲ ಈ ಆಕಾರದ ಲೆಕ್ಕವೇ. ಬ್ಯಾಕ್ಟೀರಿಯಾದಲ್ಲೂ ಸ್ಥಿರವಾದ ಜಾತಿಗಳಿವೆ, ಒಂದು ಇನ್ನೊಂದಾಗಿ ಬದಲಾಗುತ್ತಾ ಹೋಗುವುದಿಲ್ಲ ಎಂದು ಕೋನ್ ಪಟ್ಟುಹಿಡಿದಿದ್ದ. ಆ ಪಟ್ಟು ಇಲ್ಲದಿದ್ದರೆ ಒಂದು ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಎಂಬ ರಾಬರ್ಟ್ ಕಾಕ್‌ನ ವಾದಕ್ಕೆ ನೆಲೆಯೇ ಇರುತ್ತಿರಲಿಲ್ಲ.

ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಬರ್ಲಿನ್‌ನಲ್ಲಿ ತೋರಿಸಿದ್ದು 1882ರ ಮಾರ್ಚ್ 24ರಂದು. ಅದೇ ವರ್ಷ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಜಮೀನನ್ನು ಆಂಗ್ಲೋ ಇಂಡಿಯನ್ನರ ವಸಾಹತಿಗೆ ಬಿಟ್ಟುಕೊಟ್ಟರು. ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಮುಂದೆ ನಿಂತು ಕಟ್ಟಿಸಿದ ಆ ಬೇಸಾಯದ ಊರೇ ವೈಟ್‌ಫೀಲ್ಡ್. ಪೀಣ್ಯ, ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ವರ್ತೂರುಗಳು ಆಗ ಕೆರೆ ನಂಬಿದ ಹಳ್ಳಿಗಳು. ಬ್ಯಾಕ್ಟೀರಿಯಾದ ಹೆಸರು ಅಲ್ಲಿಗೆ ಮೊದಲು ಬಂದದ್ದು ರೋಗದ ಜೊತೆಗೆ, ನಗರದ ದಿಕ್ಕಿನಿಂದ.

1895ರಲ್ಲಿ ದಂಡುಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ಅದನ್ನು ತಡೆಯಲು ಸರ್ಕಾರ ಕಳಿಸಿದ್ದು ರೊನಾಲ್ಡ್ ರಾಸ್ ಎಂಬ ವೈದ್ಯಾಧಿಕಾರಿಯನ್ನು. ಮಲೇರಿಯಾ ಸೊಳ್ಳೆಯ ಸಂಶೋಧನೆಗೆ ಮುಂದೆ ನೊಬೆಲ್ ಪಡೆದ ರಾಸ್ ಇವರೇ. ಕಾಲರಾ ತರುವ ಬ್ಯಾಕ್ಟೀರಿಯಾ ಅಲ್ಪವಿರಾಮದಂತೆ ಬಾಗಿದ್ದು, ಒಂದೇ ಕಶಾಂಗದಿಂದ ವೇಗವಾಗಿ ಈಜುತ್ತದೆ. ಕಾಕ್ ಅದನ್ನು ಖಚಿತಪಡಿಸಿದ್ದು 1884ರಲ್ಲಿ, ಕಲ್ಕತ್ತೆಯಲ್ಲಿ. ಕಾಲರಾ ನೀರಿನಿಂದ ಬರುತ್ತದೆ ಎಂದು ಗೊತ್ತಾದ ಮೇಲೆ ಬಾವಿ, ಕಲ್ಯಾಣಿಗಳ ಮೇಲಿದ್ದ ನಂಬಿಕೆ ಸಡಿಲವಾಯಿತು. ಇಂದಿನ ಪೀಣ್ಯದಿಂದಲೂ ಆಚೆಗಿರುವ ಹೆಸರಘಟ್ಟದ ಕೆರೆಯಿಂದ 1896ರಲ್ಲಿ ನಗರಕ್ಕೆ ಕೊಳವೆ ನೀರು ಹರಿಯಿತು. ನಗರದ ಆರೋಗ್ಯಕ್ಕೆ ಹೊರವಲಯದ ನೀರು ಬೇಕಾದದ್ದು ಹೀಗೆ. ನಗರದ ಕೊಳಚೆ ಹೊರವಲಯಕ್ಕೆ ಹರಿದದ್ದು ಅದರ ನಂತರದ ಕಥೆ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಜನ ಮನೆ ಬಿಟ್ಟು ಊರಾಚೆಯ ಬಯಲಿನಲ್ಲಿ ಶೆಡ್ಡು ಹಾಕಿಕೊಂಡರು. ಮೊದಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ತುಂಬಿದವು. ಪ್ಲೇಗಮ್ಮನ ಗುಡಿಗಳು ಎದ್ದವು. ತಿರುವಾಂಕೂರಿನಿಂದ ಬಂದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಪಲ್ಪು ಪ್ಲೇಗು ಶಿಬಿರಗಳಲ್ಲಿ ದುಡಿದರು. ಅಲೆಕ್ಸಾಂಡ್ರ್ ಯೆರ್ಸಿನ್ ಪ್ಲೇಗಿನ ಬ್ಯಾಕ್ಟೀರಿಯಾವನ್ನು ಹಾಂಗ್‌ಕಾಂಗ್‌ನಲ್ಲಿ ಕಂಡು ಆಗಿನ್ನೂ ನಾಲ್ಕೇ ವರ್ಷವಾಗಿತ್ತು. ಅದು ಮೋಟು ಕಡ್ಡಿ. ಬಣ್ಣ ಹಾಕಿದರೆ ಎರಡು ತುದಿ ಗಾಢವಾಗಿ, ನಡು ತೆಳುವಾಗಿ ಕಾಣುತ್ತದೆ.

ಈ ಬ್ಯಾಕ್ಟೀರಿಯಾದ ಹೆಸರಿಗೆ ಮುಂದೆ ಒದಗಿದ ಗತಿಯನ್ನು ಇಲ್ಲೇ ಹೇಳಿಬಿಡಬೇಕು. ಬಹುಕಾಲ ಅದನ್ನು ಪಾಶ್ಚುರೆಲ್ಲಾ ಕುಲದಲ್ಲಿ ಸೇರಿಸಿದ್ದರು. 1944ರಲ್ಲಿ ಯೆರ್ಸಿನಿಯಾ ಎಂಬ ಬೇರೆ ಕುಲ ಸೂಚಿತವಾಯಿತು. 1980ರ ಸುಮಾರಿಗೆ ಡಿಎನ್‌ಎ ಹೋಲಿಸಿ ನೋಡಿದಾಗ ಪ್ಲೇಗಿನ ಬ್ಯಾಕ್ಟೀರಿಯಾ, ಅದಕ್ಕಿಂತ ಎಷ್ಟೋ ಸೌಮ್ಯವಾದ ಯೆರ್ಸಿನಿಯಾ ಸೂಡೋಟ್ಯೂಬರ್ಕ್ಯುಲೋಸಿಸ್‌ನ ಒಂದು ಉಪಜಾತಿ ಮಾತ್ರ ಎಂದು ತಿಳಿಯಿತು. ವಂಶದ ಲೆಕ್ಕದಲ್ಲಿ ಎರಡಕ್ಕೂ ಒಂದೇ ಹೆಸರು ಇರಬೇಕಿತ್ತು. ಆದರೆ ಹೆಸರು ಬದಲಾದರೆ ಪ್ರಯೋಗಾಲಯದಲ್ಲಿ, ಆಸ್ಪತ್ರೆಯಲ್ಲಿ ಗೊಂದಲವಾಗಿ ಜೀವಕ್ಕೆ ಅಪಾಯವಾದೀತು ಎಂದು ಅಂತರರಾಷ್ಟ್ರೀಯ ನಾಮಕರಣ ಆಯೋಗ 1985ರಲ್ಲಿ ಆ ಹೊಸ ಹೆಸರನ್ನು ತಿರಸ್ಕರಿಸಿತು. ವರ್ಗೀಕರಣ ಬರಿಯ ಪಟ್ಟಿ ಮಾಡುವ ಕೆಲಸವಲ್ಲ, ಅದರಲ್ಲಿ ಹೊಣೆಯೂ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಎರಡನೆಯ ಅಳತೆಗೋಲು ಬಣ್ಣ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಬರ್ಲಿನ್‌ನಲ್ಲಿದ್ದಾಗ ಕಂಡುಕೊಂಡ ವಿಧಾನ ಇಂದಿಗೂ ಪ್ರತಿ ಪ್ರಯೋಗಾಲಯದ ಮೊದಲ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ಹರಡಿದ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ, ಅಯೋಡಿನ್ ಹಾಕಿ, ಆಲ್ಕೋಹಾಲಿನಿಂದ ತೊಳೆದು, ಕೊನೆಗೆ ಕೆಂಪು ಬಣ್ಣ ಹಾಕುತ್ತಾರೆ. ಕೆಲವು ನೇರಳೆಯನ್ನು ಉಳಿಸಿಕೊಳ್ಳುತ್ತವೆ, ಅವು ಗ್ರಾಂ ಪಾಸಿಟಿವ್. ಉಳಿದವು ನೇರಳೆ ಕಳೆದುಕೊಂಡು ಕೆಂಪಾಗುತ್ತವೆ, ಅವು ಗ್ರಾಂ ನೆಗೆಟಿವ್. ಹೀಗೇಕೆ ಎಂಬುದು ಗ್ರಾಂಗೆ ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ಕೋಶಭಿತ್ತಿಯ ರಚನೆಯಲ್ಲಿ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಕ್ಕೆ ಪೆಪ್ಟಿಡೋಗ್ಲೈಕಾನ್ ಎಂಬ ಸಕ್ಕರೆ ಮತ್ತು ಅಮೈನೋ ಆಮ್ಲಗಳ ಹೆಣಿಗೆಯಿಂದಾದ ದಪ್ಪ ಗೋಡೆಯಿದೆ. ಗ್ರಾಂ ನೆಗೆಟಿವ್‌ಗೆ ಅದೇ ಹೆಣಿಗೆಯ ತೆಳು ಪದರವಷ್ಟೇ ಇದ್ದು, ಅದರ ಹೊರಗೆ ಇನ್ನೊಂದು ಕೊಬ್ಬಿನ ಪೊರೆ ಇದೆ. ಕ್ಷಯದ ಬ್ಯಾಕ್ಟೀರಿಯಾ ಈ ಎರಡಕ್ಕೂ ಸರಿಯಾಗಿ ಹೊಂದುವುದಿಲ್ಲ. ಅದರ ಗೋಡೆಯಲ್ಲಿ ಮೇಣದಂಥ ಆಮ್ಲಗಳು ತುಂಬಿರುವುದರಿಂದ ಬಿಸಿ ಮಾಡಿ ಕೆಂಪು ಬಣ್ಣ ಹತ್ತಿಸಬೇಕು. ಹತ್ತಿದರೆ ಆಮ್ಲದಿಂದ ತೊಳೆದರೂ ಹೋಗುವುದಿಲ್ಲ.

ಈ ಕೆಂಪು ಕಡ್ಡಿಗಳನ್ನು ಕಫದಲ್ಲಿ ಹುಡುಕುವುದನ್ನೇ ಆಧಾರ ಮಾಡಿಕೊಂಡು ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮದ ರೂಪರೇಷೆ ಸಿದ್ಧವಾದದ್ದು ಬೆಂಗಳೂರಿನಲ್ಲಿ. 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ನೆಲಮಂಗಲ, ದೇವನಹಳ್ಳಿ, ಚನ್ನಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ 1961ರಿಂದ ವರ್ಷಗಟ್ಟಲೆ ಸಮೀಕ್ಷೆ ನಡೆಸಿದರು. ತುಮಕೂರು ಜಿಲ್ಲೆಯಲ್ಲಿ ನಡೆದ ಇನ್ನೊಂದು ಅಧ್ಯಯನ, ಕ್ಷಯ ಇದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಅರಿವಿತ್ತು, ಎಷ್ಟೋ ಜನ ಆಗಲೇ ಹತ್ತಿರದ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು ಎಂದು ತೋರಿಸಿತು. ಕೊರತೆ ಇದ್ದದ್ದು ರೋಗಿಯ ಎಚ್ಚರದಲ್ಲಲ್ಲ, ಆಸ್ಪತ್ರೆಯಲ್ಲಿ ಕಫ ನೋಡುವ ಸೂಕ್ಷ್ಮದರ್ಶಕದಲ್ಲಿ. ತುಮಕೂರು ರಸ್ತೆಯ ಈ ಹಳ್ಳಿಗಾಡಿನ ನಡುವೆಯೇ ಪೀಣ್ಯದ ಕೈಗಾರಿಕೆ ಎದ್ದದ್ದು.

1970ರ ದಶಕದಲ್ಲಿ ಬೆಳೆದ ಪೀಣ್ಯ ಸಣ್ಣ ಕೈಗಾರಿಕೆಗಳ ಊರು. ಲೇತು, ಮಿಲ್ಲಿಂಗು, ಬಿಡಿಭಾಗ, ಪ್ಲೇಟಿಂಗು ಎಂದರೆ ನೆನಪಾಗುವುದು ಇದೇ. ಆದರೆ ಬ್ಯಾಕ್ಟೀರಿಯಾದ ಗೋಡೆಯ ಚರಿತ್ರೆಗೂ ಪೀಣ್ಯಕ್ಕೂ ನಂಟಿದೆ. 1981ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಮತ್ತು ರಾಜ್ಯದ ಕೈಗಾರಿಕಾ ಹೂಡಿಕೆ ನಿಗಮ ಸೇರಿ ಸ್ಥಾಪಿಸಿದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಕಾರ್ಖಾನೆ ನೆಲೆಗೊಂಡದ್ದು ಇಲ್ಲಿ. ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ಚುಚ್ಚುಮದ್ದು, ಮಾತ್ರೆ, ಕ್ಯಾಪ್ಸೂಲುಗಳು ಈ ಕಾರ್ಖಾನೆಯವು. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಿಗಳು ಕೊಲ್ಲುವುದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ತಡೆದು. ಪೆಪ್ಟಿಡೋಗ್ಲೈಕಾನ್ ಎಳೆಗಳನ್ನು ಅಡ್ಡಡ್ಡ ಬಿಗಿಯುವ ಕಿಣ್ವಕ್ಕೆ ಔಷಧಿ ಅಂಟಿಕೊಳ್ಳುತ್ತದೆ. ಬೆಳೆಯುತ್ತಿರುವ ಕೋಶದ ಗೋಡೆ ದುರ್ಬಲವಾಗಿ, ಒಳಗಿನ ಒತ್ತಡಕ್ಕೆ ಕೋಶ ಒಡೆಯುತ್ತದೆ. ಮನುಷ್ಯನ ಕೋಶಕ್ಕೆ ಅಂಥ ಗೋಡೆಯೇ ಇಲ್ಲವಾದ್ದರಿಂದ ಅದಕ್ಕೆ ಹಾನಿಯಿಲ್ಲ. ಮೊದಲ ಪೆನಿಸಿಲಿನ್ ಗ್ರಾಂ ಪಾಸಿಟಿವ್‌ಗಳ ಮೇಲೆ ಚೆನ್ನಾಗಿ ನಾಟಿತು. ಹೊರಪೊರೆ ಇರುವ ಗ್ರಾಂ ನೆಗೆಟಿವ್‌ಗಳಲ್ಲಿ ಹೆಚ್ಚಿನವನ್ನು ಮುಟ್ಟಲು 1961ರ ಆಂಪಿಸಿಲಿನ್, ಆಮೇಲಿನ ಸೆಫಲೋಸ್ಪೋರಿನ್‌ಗಳು ಬೇಕಾದವು. ಔಷಧಿ ಅಂಗಡಿಯ ಕಪಾಟಿನಲ್ಲಿ ಒಂದರ ಪಕ್ಕ ಒಂದು ಇಷ್ಟು ಆಂಟಿಬಯೋಟಿಕ್‌ಗಳಿರುವುದಕ್ಕೆ ಈ ಗೋಡೆಯ ವ್ಯತ್ಯಾಸ ಒಂದು ಮುಖ್ಯ ಕಾರಣ.

ಚುಚ್ಚುಮದ್ದು ತಯಾರಿಸುವ ಯಾವ ಕಾರ್ಖಾನೆಗೂ ಬ್ಯಾಕ್ಟೀರಿಯಾದ ರಚನೆ ಇನ್ನೆರಡು ಕಡೆ ಎದುರಾಗುತ್ತದೆ. ಗ್ರಾಂ ನೆಗೆಟಿವ್‌ಗಳ ಹೊರಪೊರೆಯಲ್ಲಿರುವ ಲಿಪೋಪಾಲಿಸ್ಯಾಕರೈಡ್ ಎಂಬ ವಸ್ತು ರಕ್ತಕ್ಕೆ ಸೇರಿದರೆ ಚಳಿಜ್ವರ ತರುತ್ತದೆ, ಹೆಚ್ಚಾದರೆ ಪ್ರಾಣಕ್ಕೇ ಕುತ್ತು. ಬ್ಯಾಕ್ಟೀರಿಯಾ ಸತ್ತರೂ ಈ ವಿಷ ಉಳಿಯುವುದರಿಂದ ನೀರನ್ನು ಕುದಿಸಿದರಷ್ಟೇ ಸಾಲದು, ವಿಷ ಇಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಎರಡನೆಯದು ಬೀಜಕ. ಬ್ಯಾಸಿಲಸ್ ಮತ್ತು ಅದರ ಬಂಧುಗಳು ಹಸಿವು ಬಿದ್ದಾಗ ಕೋಶದೊಳಗೇ ಬಹುಪದರದ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತವೆ. ಕುದಿಯುವ ನೀರಿಗೂ ಅವು ಜಗ್ಗುವುದಿಲ್ಲ. ಹಾಗಾಗಿ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆ ಬೇಕು. ಆಟೋಕ್ಲೇವ್ ಸರಿಯಾಗಿದೆಯೇ ಎಂದು ನೋಡಲು ಒಳಗಿಡುವುದೂ ಒಂದು ಬ್ಯಾಕ್ಟೀರಿಯಾದ ಬೀಜಕವನ್ನೇ: ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್. ಅದು ಸತ್ತಿದ್ದರೆ ಮಿಕ್ಕವೆಲ್ಲ ಸತ್ತಿವೆ ಎಂದು ಲೆಕ್ಕ.

ಮೂರನೆಯ ಅಳತೆಗೋಲಿಗೆ ಬರುವಾಗ ಬೆಂಗಳೂರಿಗೆ ಒಂದು ವಿಶೇಷ ಸ್ಥಾನವಿದೆ. ಒಂದೇ ಆಕಾರ, ಒಂದೇ ಬಣ್ಣದ ಎರಡು ಬ್ಯಾಕ್ಟೀರಿಯಾಗಳು ತಿನ್ನುವುದು ಬೇರೆ ಬೇರೆ ಇರಬಹುದು. ಒಂದಕ್ಕೆ ಆಮ್ಲಜನಕ ಬೇಕು, ಇನ್ನೊಂದು ಆಮ್ಲಜನಕ ತಾಗಿದರೆ ಸಾಯುತ್ತದೆ, ಮೂರನೆಯದು ಎರಡಕ್ಕೂ ಸೈ. ರಷ್ಯಾದ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಅಮೋನಿಯಾವನ್ನೇ ಉಂಡು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳನ್ನು ತೋರಿಸಿದ. 1923ರಲ್ಲಿ ಅಮೆರಿಕದಲ್ಲಿ ಹೊರಬಂದ ಬರ್ಗಿಯವರ ಕೈಪಿಡಿ ಆಕಾರ, ಗ್ರಾಂ ಬಣ್ಣ, ಆಮ್ಲಜನಕದ ಅಗತ್ಯ, ಯಾವ ಸಕ್ಕರೆಯನ್ನು ಹುಳಿಸುತ್ತದೆ ಎಂಬ ಗುಣಗಳನ್ನೆಲ್ಲ ಕೂಡಿಸಿ ಜಾತಿ ಗುರುತಿಸುವ ದಾರಿ ಹಾಕಿತು. ಬ್ಯಾಕ್ಟೀರಿಯಾದ ಹಸಿವನ್ನು ಕೆಲಸಕ್ಕೆ ಹಚ್ಚುವ ವಿದ್ಯೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತು.

ಗಿಲ್ಬರ್ಟ್ ಫೌಲರ್ ಮ್ಯಾಂಚೆಸ್ಟರ್ ನಗರದ ಕೊಳಚೆ ನೀರಿನ ಸಲಹೆಗಾರ. ಕೊಳಚೆಯನ್ನು ತಿಳಿಗೊಳಿಸುವ, ‘ಎಂ7’ ಎಂದು ತಾವೇ ಹೆಸರಿಟ್ಟ ಒಂದು ಬ್ಯಾಕ್ಟೀರಿಯಾದ ಮೇಲೆ ಅವರು ಪ್ರಯೋಗ ನಡೆಸಿದ್ದರು. ಅವರ ಪ್ರೇರಣೆಯಿಂದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಮುಂದಿನ ನೀರಿಗೂ ಅದನ್ನೇ ಮತ್ತೆ ಮತ್ತೆ ಬಳಸಿದರು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ ಉಳಿಸಿಕೊಂಡ ಆ ಕೆಸರಿನಿಂದ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1914ರ ಏಪ್ರಿಲ್‌ನಲ್ಲಿ ಅವರು ಪ್ರಕಟಿಸಿದ ಈ ವಿಧಾನವೇ ಆಕ್ಟಿವೇಟೆಡ್ ಸ್ಲಡ್ಜ್; ಇಂದು ಜಗತ್ತಿನ ಹೆಚ್ಚಿನ ದೊಡ್ಡ ನಗರಗಳ ಕೊಳಚೆ ಶುದ್ಧವಾಗುವುದು ಇದರಿಂದ, ಅಥವಾ ಇದರ ಮಕ್ಕಳಿಂದ. ಎರಡು ವರ್ಷ ಕಳೆದು, 1916ರಲ್ಲಿ, ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಆ ಸಂಸ್ಥೆಯಲ್ಲಿ 1921ರಲ್ಲಿ ಜೀವರಸಾಯನ ವಿಭಾಗ ಶುರುವಾದದ್ದು ಅವರಿಂದ.

ಫೌಲರ್ ಹೋದ ಮೇಲೂ ಅಲ್ಲಿ ಕೊಳಚೆಯ ಅಧ್ಯಯನ ನಿಲ್ಲಲಿಲ್ಲ. 1942ರಲ್ಲಿ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ ‘ನೇಚರ್’ ಪತ್ರಿಕೆಯಲ್ಲಿ ಬರೆದು, ನೀರು ತಿಳಿಯಾಗುವುದರಲ್ಲಿ ಬ್ಯಾಕ್ಟೀರಿಯಾದಷ್ಟೇ ಪ್ರೋಟೋಜೋವಾಗಳಿಗೂ ಪಾಲಿದೆ ಎಂದು ವಾದಿಸಿದರು. ಗಂಟೆಯಾಕಾರದ ತಲೆ, ಉದ್ದ ತೊಟ್ಟಿನ ಎಪಿಸ್ಟೈಲಿಸ್‌ನಂಥ ಜೀವಿಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಇನ್ನುಳಿದ ಬ್ಯಾಕ್ಟೀರಿಯಾಗಳು ಲೋಳೆ ಸುರಿಸಿ ಒಂದಕ್ಕೊಂದು ಅಂಟಿ, ಉಂಡೆಗಟ್ಟಿ ತಳ ಸೇರುತ್ತವೆ. ಮೇಲೆ ತಿಳಿನೀರು ಉಳಿಯುತ್ತದೆ. ಇಡೀ ವಿಧಾನ ನಿಂತಿರುವುದು ಈ ಲೋಳೆಯ ಮೇಲೆ. ಕೋಶದ ರಚನೆಯಲ್ಲಿ ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಭಾಗ ಅದು.

ಇಷ್ಟು ವಿದ್ಯೆ ಮನೆಯ ಅಂಗಳದಲ್ಲೇ ಇದ್ದ ನಗರದಲ್ಲಿ ಮುಂದೆ ನಡೆದದ್ದು ದುಃಖದ ಸಂಗತಿ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿದೆ, ನೀರು ನಾಲ್ಕೂ ಕಡೆ ಇಳಿದು ಹೋಗುತ್ತದೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಹರಿವು ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಸೇರಿ, ಅಲ್ಲಿಂದ ವೈಟ್‌ಫೀಲ್ಡ್ ಪಕ್ಕದ ವರ್ತೂರು ಕೆರೆಗೆ ಬಿದ್ದು, ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಕಣಿವೆಯಲ್ಲಿ 1970ರ ದಶಕದಲ್ಲೇ ಸಂಸ್ಕರಣಾ ಘಟಕ ಬಂದಿತ್ತು. ಆದರೆ ನಗರ ಬೆಳೆದ ವೇಗಕ್ಕೆ ಅದು ಸಾಲಲಿಲ್ಲ. ರಾಜಕಾಲುವೆಗಳು ಕೊಳಚೆ ಕಾಲುವೆಗಳಾದವು. ಆಮ್ಲಜನಕ ಬೇಕಾದ ಬ್ಯಾಕ್ಟೀರಿಯಾಗಳು ಕೆರೆಗೆ ಬಿದ್ದ ಹೊಲಸನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸಿದವು. ಮೀನು ಸತ್ತವು. ಆಮ್ಲಜನಕ ಬೇಡದವುಗಳು ತಳದ ಹೂಳಿನಲ್ಲಿ ಆಳ್ವಿಕೆ ಹಿಡಿದು, ಸಲ್ಫೇಟನ್ನು ಉಸಿರಾಟಕ್ಕೆ ಬಳಸಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಟ್ಟವು.

2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ಬೆಳ್ಳಂದೂರು ಕೆರೆಯ ನೊರೆ ಹೊತ್ತಿ ಉರಿಯಿತು. 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಮತ್ತೆ ಬೆಂಕಿ. ಕೊನೆಯ ಸಲ ಅದನ್ನು ಆರಿಸಲು ಸೇನೆಯ ಸಾವಿರಾರು ಸಿಬ್ಬಂದಿ ಇಳಿಯಬೇಕಾಯಿತು. ಒಣಹುಲ್ಲು, ಕಸಕ್ಕೆ ಯಾರೋ ಕಿಡಿ ಹಾಕಿದ್ದು ಕಾರಣ ಎಂದವರಿದ್ದಾರೆ, ಮೀಥೇನ್ ಎಂದವರೂ ಇದ್ದಾರೆ. ಹೂಳಿನಿಂದ ಮೀಥೇನ್ ಏಳುವುದಂತೂ ದಿಟ. ಅದನ್ನು ಉಂಟುಮಾಡುವ ಜೀವಿಗಳು ಮಾತ್ರ ಬ್ಯಾಕ್ಟೀರಿಯಾಗಳೇ ಅಲ್ಲ ಎಂಬುದು ನಾಲ್ಕನೆಯ ಅಳತೆಗೋಲಿನಿಂದ ಗೊತ್ತಾದ ಸಂಗತಿ.

1977ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್, ಎಲ್ಲ ಜೀವಿಗಳಲ್ಲೂ ಇರುವ ರೈಬೋಸೋಮಿನ ಒಂದು ಆರ್‌ಎನ್‌ಎ ತುಣುಕನ್ನು ಹೋಲಿಸಿ ನೋಡಿದರು. ರೈಬೋಸೋಮ್ ಇಲ್ಲದೆ ಯಾವ ಕೋಶವೂ ಬದುಕದು; ಹಾಗಾಗಿ ಆ ತುಣುಕು ಬಹಳ ನಿಧಾನವಾಗಿ ಬದಲಾಗುತ್ತದೆ, ಕೋಟ್ಯಂತರ ವರ್ಷಗಳ ನೆಂಟಸ್ತನವನ್ನು ತೋರಿಸಬಲ್ಲದು. ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ಉಳಿದ ಬ್ಯಾಕ್ಟೀರಿಯಾಗಳಿಂದ ಬಹುದೂರ ನಿಂತವು. ಅವುಗಳ ಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಇಲ್ಲ, ಪೊರೆಯ ಕೊಬ್ಬಿನ ಜೋಡಣೆಯೇ ಬೇರೆ. 1990ರಲ್ಲಿ ವೋಸ್ ಜೀವಲೋಕವನ್ನು ಬ್ಯಾಕ್ಟೀರಿಯಾ, ಆರ್ಕಿಯಾ, ಕೋಶಕೇಂದ್ರ ಇರುವ ಜೀವಿಗಳು ಎಂದು ಮೂರು ಸಾಮ್ರಾಜ್ಯ ಮಾಡಿದರು. ಬೆಳ್ಳಂದೂರಿನ ತಳದಲ್ಲಿ ಮೀಥೇನ್ ಬಿಡುವವು ಆರ್ಕಿಯಾಗಳು. ಅವುಗಳಿಗೆ ಬೇಕಾದ ಜಲಜನಕ, ಅಸಿಟೇಟುಗಳನ್ನು ಒದಗಿಸುವವು ಬ್ಯಾಕ್ಟೀರಿಯಾಗಳು. ಆಕಾರ, ಬಣ್ಣಗಳನ್ನೇ ನಂಬಿದ್ದ ಕಾಲದಲ್ಲಿ ಇವೆರಡೂ ಒಂದೇ ಪಟ್ಟಿಯಲ್ಲಿದ್ದವು. ಆ ಪಟ್ಟಿಯನ್ನೂ ಇದೇ ಕಾಲದಲ್ಲಿ ಸೋಸಿದರು: ಹಿಂದೆ ಬಳಕೆಯಲ್ಲಿದ್ದ ಸಾವಿರಾರು ಹೆಸರುಗಳಲ್ಲಿ ವಿವರಣೆ, ಮಾದರಿ ಎರಡೂ ಸರಿಯಾಗಿದ್ದ ಎರಡು ಸಾವಿರ ಚಿಲ್ಲರೆ ಹೆಸರುಗಳಷ್ಟೇ 1980ರ ಜನವರಿ 1ರಿಂದ ಮಾನ್ಯವಾಗಿ ಉಳಿದವು.

ವಂಶದ ಲೆಕ್ಕ ಶುರುವಾದ ಹೊತ್ತಿನಲ್ಲೇ ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್. ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕಿರಣ್ ಮಜುಂದಾರ್ 10,000 ರೂಪಾಯಿ ಬಂಡವಾಳದಿಂದ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬಯೋಕಾನ್ ಶುರುಮಾಡಿದರು. ಪಪ್ಪಾಯಿಯಿಂದ ಕಿಣ್ವ, ಮೀನಿನಿಂದ ಐಸಿಂಗ್‌ಗ್ಲಾಸ್ ತೆಗೆಯುವುದು ಮೊದಲ ಕೆಲಸ. ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲಿ ಕಾರ್ಖಾನೆ ಎದ್ದ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸಿ ಕಿಣ್ವ ತೆಗೆಯುವ ಹುದುಗು ವಿದ್ಯೆ ಬಂತು. ಅವುಗಳಲ್ಲಿ ಹಲವು ಬೂಷ್ಟಿನ ಜಾತಿಯವು, ಬ್ಯಾಕ್ಟೀರಿಯಾ ಅಲ್ಲ. 2007ರಲ್ಲಿ ಈ ಕಿಣ್ವದ ವ್ಯಾಪಾರವನ್ನು ಬಯೋಕಾನ್ ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು.

ನೊವೊಜೈಮ್ಸ್‌ನ ಬೆಂಗಳೂರು ನೆಲೆ ವೈಟ್‌ಫೀಲ್ಡಿನಲ್ಲಿತ್ತು. ಬಟ್ಟೆ ಒಗೆಯುವ ಪುಡಿಯಲ್ಲಿ ಕಲೆ ತೆಗೆಯುವ ಪ್ರೋಟಿಯೇಸ್ ಕಿಣ್ವಗಳನ್ನು ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಂಥ ಬ್ಯಾಕ್ಟೀರಿಯಾಗಳಿಂದ ತೆಗೆದು 1960ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ಕಂಪನಿಯ ಪೂರ್ವಜ ಸಂಸ್ಥೆಯಾದ ನೊವೊ. ಈ ಕೆಲಸಕ್ಕೆ ಬ್ಯಾಸಿಲಸ್ ಒದಗುವುದಕ್ಕೆ ಅದರ ರಚನೆಯೇ ಕಾರಣ. ಗ್ರಾಂ ಪಾಸಿಟಿವ್ ಆದ್ದರಿಂದ ಅದಕ್ಕೆ ಹೊರಪೊರೆಯಿಲ್ಲ. ಕೋಶಪೊರೆ ದಾಟಿದ ಕಿಣ್ವ ಗೋಡೆಯ ಮೂಲಕ ಹಾದು ನೇರ ಹೊರಗಿನ ದ್ರವಕ್ಕೆ ಸೇರುತ್ತದೆ, ಅಲ್ಲಿಂದ ಸೋಸಿ ತೆಗೆಯಬಹುದು. ಇ. ಕೋಲಿಯಲ್ಲಾದರೆ ಪ್ರೋಟೀನು ಸಾಮಾನ್ಯವಾಗಿ ಕೋಶದೊಳಗೇ ಗಂಟುಕಟ್ಟಿ ಕೂರುತ್ತದೆ. ಕೋಶ ಒಡೆದು, ಗಂಟು ಬಿಡಿಸಿ, ಮತ್ತೆ ಸರಿಯಾಗಿ ಮಡಿಸಬೇಕು. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಮಾನವ ಇನ್ಸುಲಿನ್ ಇ. ಕೋಲಿಯಿಂದ ಬಂದದ್ದು. 2004ರಲ್ಲಿ ಹೊರತಂದ ಇನ್ಸುಲಿನ್‌ಗೆ ಬಯೋಕಾನ್ ಪಿಕಿಯಾ ಎಂಬ ಯೀಸ್ಟನ್ನು ಆರಿಸಿಕೊಂಡಿತು. ಅದು ಇನ್ಸುಲಿನ್ ಪ್ರೋಟೀನನ್ನು ಹೊರಕ್ಕೆ ಸ್ರವಿಸುತ್ತದೆ. ಇನ್ನೊಂದು ಔಷಧಿಗೆ ಇ. ಕೋಲಿಯೇ ಸರಿಹೋಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕುಸಿಯುವ ಬಿಳಿ ರಕ್ತಕಣಗಳನ್ನು ಏರಿಸುವ ಪೆಗ್‌ಫಿಲ್‌ಗ್ರಾಸ್ಟಿಂ ಅದು. ಬಯೋಕಾನ್ ಮತ್ತು ಮೈಲಾನ್ ಸೇರಿ ತಂದ ಇದಕ್ಕೆ 2018ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು.

ಹೆಬ್ಬಗೋಡಿಯ ಔಷಧಿಗಳಲ್ಲಿ ವರ್ಗೀಕರಣದ ಚರಿತ್ರೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಟಾಕ್ರೋಲಿಮಸ್. ಬದಲಿ ಮೂತ್ರಪಿಂಡ, ಯಕೃತ್ತನ್ನು ದೇಹ ತಿರಸ್ಕರಿಸದಂತೆ ತಡೆಯುವ ಈ ಔಷಧಿಯ ಮೂಲ ಸ್ಟ್ರೆಪ್ಟೋಮೈಸಿಸ್ ಸುಕುಬೆನ್ಸಿಸ್. 1984ರಲ್ಲಿ ಜಪಾನಿನ ಸುಕುಬಾ ಊರಿನ ಮಣ್ಣಿನಲ್ಲಿ ಸಿಕ್ಕ ಜೀವಿ. ಸ್ಟ್ರೆಪ್ಟೋಮೈಸಿಸ್ ಕವಲೊಡೆದ ಎಳೆಗಳಾಗಿ ಹಬ್ಬುತ್ತದೆ, ತುದಿಯಲ್ಲಿ ಬೀಜಕ ಕಟ್ಟುತ್ತದೆ, ನೋಡಲು ತೇಟ್ ಬೂಷ್ಟು. ಹಾಗಾಗಿ ಈ ಬಳಗವನ್ನು ಬಹುಕಾಲ ಶಿಲೀಂಧ್ರಗಳ ಸಾಲಿಗೆ ಸೇರಿಸಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಕೇಂದ್ರ ಕಾಣಲಿಲ್ಲ, ಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಸಿಕ್ಕಿತು. ಅದು ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ಎಂದು ಇತ್ಯರ್ಥವಾಯಿತು. 1943ರಲ್ಲಿ ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೋಮೈಸಿನ್ ಕೊಟ್ಟದ್ದೂ ಇದೇ ಕುಲ. ಮೊದಲ ಮಳೆಗೆ ಏಳುವ ಮಣ್ಣಿನ ಪರಿಮಳವನ್ನು ಉಂಟುಮಾಡುವುದೂ ಇದೇ.

ಮತ್ತೆ ಪೀಣ್ಯಕ್ಕೆ. ಪ್ಲೇಟಿಂಗ್ ಘಟಕಗಳ ತ್ಯಾಜ್ಯದಿಂದ ಅಲ್ಲಿನ ಅಂತರ್ಜಲಕ್ಕೆ ಆರು ವೇಲೆನ್ಸಿಯ ಕ್ರೋಮಿಯಂ ಸೇರಿದೆ. ಹಳದಿಗಟ್ಟಿದ ಕೊಳವೆಬಾವಿ ನೀರು ಸ್ಥಳೀಯರಿಗೆ ಪರಿಚಿತ. ನೀರಿನಲ್ಲಿ ಕ್ರೋಮೇಟ್ ರೂಪದಲ್ಲಿರುವ ಇದರ ಆಕಾರ ಸಲ್ಫೇಟಿನಂತೆಯೇ ಇರುವುದರಿಂದ ಕೋಶಪೊರೆಯಲ್ಲಿ ಸಲ್ಫೇಟಿಗೆಂದು ಇರುವ ದಾರಿಯಲ್ಲೇ ಅದು ಒಳನುಗ್ಗಿ ಡಿಎನ್‌ಎಗೆ ಹಾನಿ ಮಾಡುತ್ತದೆ. ಇದನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳೂ ಇವೆ. ಕೆಲವು ಒಳಗೆ ಬಂದ ಕ್ರೋಮೇಟನ್ನು ಹೊರಗೆ ತಳ್ಳುತ್ತವೆ, ಕೆಲವು ಕಿಣ್ವದಿಂದ ಅದನ್ನು ಕರಗದ, ವಿಷ ಕಡಿಮೆಯ ಮೂರು ವೇಲೆನ್ಸಿಯ ಕ್ರೋಮಿಯಂ ಆಗಿ ಬದಲಿಸುತ್ತವೆ. ಈ ಗುಣದ ಜೀನು ಹಲವು ಸಲ ಇರುವುದು ಮುಖ್ಯ ಡಿಎನ್‌ಎಯಲ್ಲಲ್ಲ, ಪ್ಲಾಸ್ಮಿಡ್ ಎಂಬ ಸಣ್ಣ ಬಳೆಯಲ್ಲಿ. ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬೇರೆ ಜಾತಿಗೂ ದಾಟಬಲ್ಲದು. ಆಂಟಿಬಯೋಟಿಕ್‌ಗೆ ಬಗ್ಗದ ಗುಣ ಹರಡುವುದೂ ಹೀಗೆಯೇ. ವಂಶದಿಂದ ಜಾತಿ ಅಳೆಯುವ ಕ್ರಮಕ್ಕೆ ಇರುವ ಮಿತಿ ಇದು: ಬ್ಯಾಕ್ಟೀರಿಯಾ ತಾಯಿಕೋಶದಿಂದ ಮಾತ್ರವಲ್ಲ, ನೆರೆಯಿಂದಲೂ ಗುಣ ಪಡೆಯುತ್ತದೆ.

2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ ಅದು. ಮುಂದಿನ ತಿಂಗಳೇ ಅಲ್ಲಿ ನೊರೆ ಕಂಡಿತು, ವಿವಾದ ನ್ಯಾಯಾಲಯ ಹತ್ತಿತು. ಬರದ ನಾಡಿನ ಕೆರೆ ತುಂಬಿದ್ದು ಸಣ್ಣ ಲಾಭವಲ್ಲ. ಆದರೆ ಆ ನೀರಿನ ಗುಣ ಪೂರ್ತಿ ನಿಂತಿರುವುದು ಗಾಳಿ ಊದುವ ತೊಟ್ಟಿಗಳಲ್ಲಿರುವ ಬ್ಯಾಕ್ಟೀರಿಯಾಗಳ ಆರೋಗ್ಯದ ಮೇಲೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿಗಳ ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಎಸ್‌ಟಿಪಿಗಳ, ಅಂದರೆ ಕೊಳಚೆ ಸಂಸ್ಕರಣಾ ಘಟಕಗಳ, ಮಾತೂ ಅಷ್ಟೇ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುವಂಥವು. ಬ್ಲೋವರ್ ನಿಲ್ಲಿಸಿದರೆ, ಕೆಸರನ್ನು ಅತಿಯಾಗಿ ಹೊರತೆಗೆದರೆ, ಮೊದಲು ಇಲ್ಲವಾಗುವವು ಅವೇ. ಮತ್ತೆ ಬೆಳೆಯಲು ವಾರಗಳೇ ಹಿಡಿಯುತ್ತವೆ.

ನೊರೆಯ ಪಾಠವೂ ಇದೇ ತೊಟ್ಟಿಯಲ್ಲಿದೆ. ವರ್ತೂರು, ಬೆಳ್ಳಂದೂರುಗಳ ನೊರೆಗೆ ಮುಖ್ಯ ಕಾರಣ ಡಿಟರ್ಜೆಂಟಿನ ಸರ್ಫ್ಯಾಕ್ಟಂಟ್. ಹಾಗೆ ಎದ್ದ ನೊರೆ ಒಡೆಯದೆ ನಿಲ್ಲುವುದಕ್ಕೆ ಬ್ಯಾಕ್ಟೀರಿಯಾಗಳೂ ನೆರವಾಗುತ್ತವೆ. ಸಂಸ್ಕರಣಾ ಘಟಕಗಳಲ್ಲಿ ಕಾಣುವ ಕಂದು ಬಣ್ಣದ ದಪ್ಪ ನೊರೆಗಾದರೋ ಹೆಚ್ಚಾಗಿ ಗಾರ್ಡೋನಿಯಾ, ಮೈಕ್ರೋಥ್ರಿಕ್ಸ್‌ನಂಥ ಎಳೆಗಟ್ಟುವ ಬ್ಯಾಕ್ಟೀರಿಯಾಗಳೇ ಕಾರಣ. ಇವುಗಳ ಹೊರಮೈ ನೀರನ್ನು ದೂರವಿಡುತ್ತದೆ, ಗಾಳಿಗುಳ್ಳೆಗೆ ಅಂಟಿ ಮೇಲೇಳುತ್ತದೆ. ಇನ್ನು ಕೆಲವು ಎಳೆಗಳು ಕೆಸರಿನ ಉಂಡೆಗಳ ನಡುವೆ ಚಾಚಿಕೊಂಡು ಕೆಸರು ತಳಕ್ಕೆ ಕೂರದಂತೆ ಮಾಡುತ್ತವೆ. ಯಾವ ಎಳೆ ಎಂದು ತಿಳಿದರೆ ಕಾರಣವೂ ತಿಳಿಯುತ್ತದೆ: ಕೆಲವು ಬೆಳೆಯುವುದು ಆಮ್ಲಜನಕ ಕಡಿಮೆಯಾದಾಗ, ಕೆಲವು ಎಣ್ಣೆ ಜಿಡ್ಡು ಹೆಚ್ಚಾದಾಗ, ಕೆಲವು ಪೋಷಕಾಂಶ ಸಾಲದಾದಾಗ.

ಈ ಎಳೆಗಳನ್ನು ಗುರುತಿಸುವ ಕ್ರಮವನ್ನು 1975ರಲ್ಲಿ ನೆದರ್ಲೆಂಡ್ಸಿನ ಐಕೆಲ್‌ಬೂಮ್ ರೂಪಿಸಿದರು. ಎಳೆಗೆ ಕವಲುಂಟೇ, ಕೋಶ ಚೌಕವೇ ದುಂಡೇ, ಗ್ರಾಂ ಬಣ್ಣ ಹಿಡಿಯುತ್ತದೆಯೇ ಎಂಬಂಥ ಪ್ರಶ್ನೆಗಳಿಂದ ಅದು ನಡೆಯುತ್ತದೆ. ಹಲವು ಎಳೆಗಳಿಗೆ ಅದರಲ್ಲಿ ಹೆಸರೂ ಇಲ್ಲ, ಬರಿಯ ಸಂಖ್ಯೆ. ಡಿಎನ್‌ಎ ಓದಬಲ್ಲ ಯಂತ್ರಗಳು ಬಂದ ಮೇಲೂ, 2021ರಲ್ಲಿ ಬ್ಯಾಕ್ಟೀರಿಯಾದ ಮಹಾವಿಭಾಗಗಳಿಗೆಲ್ಲ ಹೊಸ ಹೆಸರು ಇಟ್ಟ ಮೇಲೂ, ಕೊಳಚೆ ಘಟಕದ ಕೆಲಸಗಾರನಿಗೆ ಅರ್ಧ ಗಂಟೆಯಲ್ಲಿ ಉತ್ತರ ಕೊಡುವುದು ಕೋನ್‌ನ ಆಕಾರ ಮತ್ತು ಗ್ರಾಂನ ಬಣ್ಣವೇ. ಅದಕ್ಕೆ ಬೇಕಾದದ್ದು ಒಂದು ಸಾಧಾರಣ ಸೂಕ್ಷ್ಮದರ್ಶಕ, ನಾಲ್ಕು ಬಾಟಲಿ ಬಣ್ಣ, ನೋಡಲು ಕಲಿತ ಒಬ್ಬ ಮನುಷ್ಯ. ಹೊರವಲಯದ ಪ್ರತಿ ಸಂಸ್ಕರಣಾ ಘಟಕದಲ್ಲೂ ಈ ಮೂರು ಇರುವಂತೆ ನೋಡಿಕೊಳ್ಳುವುದು ನಿವಾಸಿಗಳ ಸಂಘಕ್ಕೂ ಜಲಮಂಡಳಿಗೂ ದೊಡ್ಡ ಖರ್ಚಿನ ಕೆಲಸವಲ್ಲ. ಅದನ್ನು ಕಡ್ಡಾಯ ಮಾಡಬೇಕು.